ತಗಡಿನ ಬೋರ್ಡೂ ತೋಳಿನ ಪಟ್ಟಿಯೂ

ದಾವಣಗೆರೆಯಲ್ಲಿ ನನ್ನ ಸೋದರಮಾವನಿಗೆ ಒಂದು ಅಂಗಡಿ ಇತ್ತು. ಎಂಟು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಬಾಗಿಲ ಮೇಲೊಂದು ತಗಡಿನ ಬೋರ್ಡು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅದರ ಮೇಲೆ ‘ರೇಡಿಯೋ ರಿಪೇರಿ’ ಎಂದಿತ್ತು. ಊರಿಗೆ ಟಿವಿ ಬಂದ ಮೇಲೆ ಪೇಂಟರ್ ಬಂದು ‘ರೇಡಿಯೋ ಮತ್ತು ಟಿವಿ’ ಎಂದು ಬರೆದು ಹೋದ. ಆಮೇಲೆ ‘ಎಲೆಕ್ಟ್ರಾನಿಕ್ಸ್’, ಅದಾದ ಮೇಲೆ ‘ಕಂಪ್ಯೂಟರ್ ಸರ್ವಿಸ್’, ಮಾವನ ಮಗ ಗಲ್ಲಾಪೆಟ್ಟಿಗೆ ಮುಂದೆ ಕೂತ ಮೇಲೆ ‘ಮೊಬೈಲ್’. ತಗಡು ಮಾತ್ರ ಅದೇ. ಹಳೇ ಬಣ್ಣ ಕೆರೆಯದೆ ಅದರ ಮೇಲೇ ಹೊಸದು ಬಳಿಯುತ್ತಿದ್ದರಿಂದ ಬೋರ್ಡು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಾ ಹೋಯಿತು.

ಈಚೆಗೆ ಅಮೆರಿಕದ ನೌಕಾಪಡೆಯ ಎಲೆಕ್ಟ್ರಾನಿಕ್ಸ್ ಕೆಲಸಗಾರರ ವಿಷಯ ಓದುತ್ತಾ ಕೂತಿದ್ದೆ. ಓದುತ್ತಾ ಓದುತ್ತಾ ಆ ಬೋರ್ಡೇ ಕಣ್ಣ ಮುಂದೆ ಬಂತು. ಅಲ್ಲಿ ನಾವಿಕರ ಎಡತೋಳಿನ ಮೇಲೆ ಒಂದು ಬಟ್ಟೆಯ ಪಟ್ಟಿ ಇರುತ್ತದೆ. ಅದರಲ್ಲಿ ಅವರವರ ಕಸುಬಿನ ಚಿಹ್ನೆ ಹೊಲಿದಿರುತ್ತದೆ. ರೇಡಿಯೋದವನಿಗೆ ಮಿಂಚಿನ ಗೆರೆಗಳು. ಎಲೆಕ್ಟ್ರಾನಿಕ್ಸ್ ಟೆಕ್ನಿಷಿಯನ್‌ಗೆ ಒಂದು ಹೀಲಿಯಂ ಪರಮಾಣು: ನಡುವೆ ಬೀಜ, ಸುತ್ತ ಎರಡು ಎಲೆಕ್ಟ್ರಾನ್. ಯಂತ್ರಗಳು ಬದಲಾದಂತೆಲ್ಲ ಈ ಪಟ್ಟಿಯ ಹೆಸರೂ ಬದಲಾಗಿದೆ. 1942ರಲ್ಲಿ ‘ರೇಡಿಯೋ ಟೆಕ್ನಿಷಿಯನ್’ ಎಂದು ಶುರುವಾದದ್ದು ಯುದ್ಧ ಮುಗಿಯುವ ಹೊತ್ತಿಗೆ ‘ಎಲೆಕ್ಟ್ರಾನಿಕ್ ಟೆಕ್ನಿಷಿಯನ್ಸ್ ಮೇಟ್’ ಆಯಿತು, 1948ರಲ್ಲಿ ‘ಎಲೆಕ್ಟ್ರಾನಿಕ್ಸ್ ಟೆಕ್ನಿಷಿಯನ್’ ಆಗಿ ನಿಂತಿತು. ಬೋರ್ಡಿನ ಮೇಲಿನ ಬಣ್ಣದ ಹಾಗೆಯೇ.

ಮಾವನಿಗೆ ಈಗ 84. ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ. ಊರಿಗೆ ಹೋದಾಗ ಮಧ್ಯಾಹ್ನ ಊಟವಾದ ಮೇಲೆ ಜಗಲಿಯ ಮೇಲೆ ಕೂತು, ಓದಿದ್ದನ್ನೆಲ್ಲ ಅವನಿಗೆ ಹೇಳುವುದು ನನಗೊಂದು ರೂಢಿ. ಹಡಗಿನ ಕಥೆ ತೆಗೆದ ಕೂಡಲೇ ಅವನು ಕೇಳಿದ ಮೊದಲ ಮಾತು:

“ಅಲ್ಲೋ, ಫಿರಂಗಿ ಹಾರಿಸಿದಾಗ ಹಡಗೇ ಅದುರುತ್ತೆ. ವಾಲ್ವು ಹೆಂಗೆ ತಡೀತಿದ್ವು?”

ಹಳೇ ರೇಡಿಯೋದೊಳಗಿನ ಆ ಗಾಜಿನ ಬುರುಡೆಗಳು ಎಷ್ಟೋ ಸಲ ತಡೆಯುತ್ತಿರಲಿಲ್ಲ. ಅದಕ್ಕೇ ಈ ಕಸುಬು ಹುಟ್ಟಿದ್ದು. ಮೊದಲು ರೇಡಿಯೋ ನಡೆಸುವವನೇ ಅದನ್ನು ರಿಪೇರಿಯೂ ಮಾಡಿಕೊಳ್ಳುತ್ತಿದ್ದ. ಕಟ್ಟು-ಕಡ ಎಂದು ಮೋರ್ಸ್ ಕೀಲಿ ಕುಟ್ಟುವ ಬೆರಳೂ ಅವನದೇ, ವಾಲ್ವು ಬದಲಾಯಿಸುವ ಬೆರಳೂ ಅವನದೇ. ರಾಡಾರ್ ಬಂದ ಮೇಲೆ ಇದು ನಡೆಯಲಿಲ್ಲ. 1922ರಲ್ಲಿ ಟೇಲರ್ ಮತ್ತು ಯಂಗ್ ಎಂಬಿಬ್ಬರು ನೌಕಾಪಡೆಯ ಪ್ರಯೋಗಶಾಲೆಯವರು ವಾಷಿಂಗ್ಟನ್ನಿನ ಪೊಟೊಮ್ಯಾಕ್ ನದಿಯ ಆಚೆ ದಡಕ್ಕೆ ರೇಡಿಯೋ ಅಲೆ ಕಳಿಸುತ್ತಿದ್ದಾಗ ನಡುವೆ ಒಂದು ಹಡಗು ಹಾದು ಹೋಯಿತು, ಸದ್ದು ಏರಿಳಿಯಿತು; ಅಡ್ಡ ಬಂದದ್ದನ್ನು ರೇಡಿಯೋ ಅಲೆ ಪತ್ತೆ ಹಚ್ಚಬಲ್ಲದು ಎಂದು ಅವರಿಗೆ ಹೊಳೆಯಿತು. ಅಲ್ಲಿಂದ ಎಳೆ ಹಿಡಿದು ಹದಿನಾರು ವರ್ಷ ದುಡಿದ ಮೇಲೆ, 1938ರ ಕೊನೆಗೆ, ‘ನ್ಯೂಯಾರ್ಕ್’ ಎಂಬ ಯುದ್ಧನೌಕೆಯ ಮೇಲೆ ಆ ನೌಕಾಪಡೆಯ ಮೊದಲ ಪೂರ್ಣ ರಾಡಾರ್ ಕೂತಿತು. ಮೂರೇ ವರ್ಷದಲ್ಲಿ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ, ಯುದ್ಧ. ರಾತ್ರೋರಾತ್ರಿ ಸಾವಿರಾರು ರಾಡಾರ್ ಬೇಕಾಯಿತು, ಅದನ್ನು ಬಿಚ್ಚಿ ಕೂಡಿಸಬಲ್ಲ ಸಾವಿರಾರು ಹುಡುಗರೂ ಬೇಕಾದರು. ಅಂಥವರು ಎಲ್ಲಿದ್ದರು?

ಇಲ್ಲಿ ನನಗೆ ತುಂಬ ಇಷ್ಟವಾದ ಒಬ್ಬ ಮನುಷ್ಯ ಬರುತ್ತಾನೆ. ವಿಲಿಯಂ ಎಡ್ಡಿ. ಜಲಾಂತರ್ಗಾಮಿಯಲ್ಲಿ ಅಧಿಕಾರಿಯಾಗಿದ್ದವನು, ಕಿವಿ ಕೈಕೊಟ್ಟಿತೆಂದು 1934ರಲ್ಲಿ ನೌಕಾಪಡೆ ಬಿಡಬೇಕಾಯಿತು. ಹೊರಗೆ ಬಂದವನು ಟೆಲಿವಿಷನ್ ಹಿಂದೆ ಬಿದ್ದ. ಟಿವಿ ಎಂಬುದನ್ನು ಜನ ಕಂಡೇ ಇರದ ಕಾಲ ಅದು. ಫಾರ್ನ್ಸ್‌ವರ್ತ್ ಎಂಬ ಟಿವಿ ಸಂಶೋಧಕನ ಹತ್ತಿರ ದುಡಿದು, ಶಿಕಾಗೋದಲ್ಲಿ ಒಂದು ಟಿವಿ ಕೇಂದ್ರ ಕಟ್ಟುತ್ತಿದ್ದ. ಯುದ್ಧ ಶುರುವಾದ ಕೂಡಲೇ ಆ ಕೇಂದ್ರವನ್ನೇ ರಾಡಾರ್ ಶಾಲೆಯಾಗಿ ಮಾಡಿಕೊಟ್ಟ. ಹುಡುಗರನ್ನು ಆರಿಸಲು ಒಂದು ಪರೀಕ್ಷೆ ಮಾಡಿದರು, ಅದಕ್ಕೆ ‘ಎಡ್ಡಿ ಟೆಸ್ಟ್’ ಎಂದೇ ಹೆಸರು ಬಿತ್ತು. ಗಣಿತ, ಭೌತಶಾಸ್ತ್ರ, ವಿದ್ಯುತ್ತು, ಜೊತೆಗೆ ಕೈಕೆಲಸದ ಪ್ರಶ್ನೆಗಳು. ಪಾಸಾದವನಿಗೆ ಸೇರುವಾಗಲೇ ಬಡ್ತಿ. ಆಮೇಲೆ ಹತ್ತಿರ ಹತ್ತಿರ ಹತ್ತು ತಿಂಗಳು, ಮೂರು ಹಂತದಲ್ಲಿ ಪಾಠ. ಕೊನೆಯ ಹಂತದಲ್ಲಿ ರಾಡಾರ್ ಗುಟ್ಟಿನ ವಿಷಯವಾದ್ದರಿಂದ ನೋಟ್‌ಬುಕ್ಕನ್ನು ಕ್ಲಾಸಿನಿಂದ ಹೊರಗೆ ತರುವ ಹಾಗಿರಲಿಲ್ಲ. ಬರೆದುಕೊಂಡದ್ದನ್ನೆಲ್ಲ ತಲೆಯಲ್ಲೇ ಹೊತ್ತು ಮಲಗಲು ಹೋಗಬೇಕು.

ಮಾವ ಈ ಮಾತು ಕೇಳಿ ಬಹಳ ಹೊತ್ತು ಸುಮ್ಮನಿದ್ದ. ಅವನೂ ಕಲಿತದ್ದು ಹಾಗೇ. ಹುಬ್ಬಳ್ಳಿಯಲ್ಲಿ ಅವನ ಗುರುಗಳು ಸರ್ಕ್ಯೂಟ್ ಚಿತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಕೊಳ್ಳುತ್ತಿದ್ದರಂತೆ. ಸೆಟ್ಟು ನೋಡಿ ನೋಡಿ ಮನಸ್ಸಿನಲ್ಲೇ ಚಿತ್ರ ಬರೆದುಕೊಂಡು ಬಂದವನು ಅವನು.

ಆ ರಾಡಾರ್ ಶಾಲೆಗಳಲ್ಲಿ ಮೊದಲ ದಿನವೇ ಹೇಳಿಕೊಡುತ್ತಿದ್ದ ಒಂದು ವಿಷಯ ಮಾವನಿಗೂ ಗೊತ್ತಿತ್ತು. ರಾಡಾರಿನ ಒಳಗೆ ಸಾವಿರಗಟ್ಟಲೆ ವೋಲ್ಟ್. ಕೈ ಹಾಕುವುದಾದರೆ ಒಂದೇ ಕೈ ಹಾಕಬೇಕು, ಇನ್ನೊಂದು ಕೈ ಜೇಬಿನಲ್ಲಿರಬೇಕು. ಎರಡೂ ಕೈ ಒಳಗಿದ್ದು ಶಾಕ್ ಹೊಡೆದರೆ ಕರೆಂಟು ಒಂದು ಕೈಯಿಂದ ಇನ್ನೊಂದು ಕೈಗೆ ಎದೆಯ ಮೂಲಕ ಹೋಗುತ್ತದೆ. ಮಾವ ಲುಂಗಿಯವನು, ಜೇಬಿಲ್ಲ. ಪಿಕ್ಚರ್ ಟ್ಯೂಬಿನ ಟಿವಿ ಬಿಚ್ಚುವಾಗ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದ. ಹುಡುಗನಾಗಿದ್ದ ನನಗೆ ಅದು ದೊಡ್ಡವರ ಗತ್ತಿನ ಹಾಗೆ ಕಾಣುತ್ತಿತ್ತು. ಬಲಗೈಯಲ್ಲಿ ಉದ್ದನೆಯ ಸ್ಕ್ರೂಡ್ರೈವರ್, ಅದರ ಕುತ್ತಿಗೆಗೆ ಕಟ್ಟಿದ ಅರ್ತ್ ವೈರು. ಟ್ಯೂಬಿನ ರಬ್ಬರ್ ಟೋಪಿಯ ಅಡಿಗೆ ಅದನ್ನು ತೂರಿಸಿದಾಗ ‘ಚಟ್’ ಎಂದು ನೀಲಿ ಕಿಡಿ ಹಾರುತ್ತಿತ್ತು. ಆ ಕಿಡಿ ಹಾರಿದ ಮೇಲೆಯೇ ಎಡಗೈ ಮುಂದೆ ಬರುತ್ತಿತ್ತು.

ಯುದ್ಧಕಾಲದ ಆ ಹುಡುಗರಲ್ಲಿ ಒಬ್ಬನ ಹೆಸರು ಡಗ್ಲಸ್ ಎಂಗೆಲ್‌ಬಾರ್ಟ್. ಓರೆಗಾನಿನವನು. ಕಾಲೇಜು ಅರ್ಧಕ್ಕೆ ಬಿಟ್ಟು ರಾಡಾರ್ ಟೆಕ್ನಿಷಿಯನ್ ಆಗಿ ಫಿಲಿಪ್ಪೀನ್ಸಿಗೆ ಹೋದ. ಅಲ್ಲಿ ಲೇಟೆ ದ್ವೀಪದಲ್ಲಿ ಕಂಬಗಳ ಮೇಲೆ ನಿಂತ ಒಂದು ಗುಡಿಸಲಿನಲ್ಲಿ ರೆಡ್‌ಕ್ರಾಸಿನವರ ಓದುವ ಮನೆ ಇತ್ತು. ಅದರಲ್ಲಿ ವ್ಯಾನಿವರ್ ಬುಷ್ ಬರೆದ ಒಂದು ಲೇಖನ ಅವನ ಕಣ್ಣಿಗೆ ಬಿತ್ತು. ಮನುಷ್ಯನ ತಿಳಿವಳಿಕೆಯನ್ನೆಲ್ಲ ಒಂದು ಮೇಜಿನ ಮುಂದೆ ಕೂತು ಹುಡುಕಿಕೊಳ್ಳುವ ಯಂತ್ರದ ಕಲ್ಪನೆ ಅದು. ಐದಾರು ವರ್ಷದ ನಂತರ ಆ ಲೇಖನ ಅವನ ತಲೆಯಲ್ಲಿ ಮತ್ತೆ ಎದ್ದಿತು. ಆಗಿನ ಕಂಪ್ಯೂಟರು ತೂತು ಬಿದ್ದ ಕಾರ್ಡು ನುಂಗಿ ಕಾಗದ ಉಗುಳುತ್ತಿದ್ದ ಯಂತ್ರ. ಅದಕ್ಕೆ ಪರದೆ ಇರಬಹುದು, ಪರದೆಯ ಮೇಲಿದ್ದದ್ದನ್ನು ಕೈಯಿಂದ ಮುಟ್ಟಿ ಅಲ್ಲಾಡಿಸಬಹುದು ಎಂದು ಹೆಚ್ಚಿನವರಿಗೆ ಹೊಳೆಯದ ಕಾಲದಲ್ಲಿ ಅವನಿಗೆ ಹೊಳೆಯಿತು, ಯಾಕೆಂದರೆ ಅವನು ರಾಡಾರಿನ ಪರದೆಯ ಹಿಂದಿನ ವೈರುಗಳನ್ನು ಕೈಯಾರೆ ಬಿಚ್ಚಿದ್ದವನು. ಸರ್ಕ್ಯೂಟು ಒಂದು ಚುಕ್ಕೆಯನ್ನು ಪರದೆಯ ಮೇಲೆ ಎಲ್ಲಿ ಬೇಕಾದರೂ ಇಡಬಲ್ಲದು ಎಂದು ಬೆರಳಿಗೆ ಗೊತ್ತಿತ್ತು. ನಾವು ದಿನಾ ಹಿಡಿಯುವ ಮೌಸ್ ಬಂದದ್ದು ಆ ಬೆರಳಿನಿಂದ. 1968ರ ಡಿಸೆಂಬರ್ 9ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಅವನು ಅದನ್ನು ಲೋಕಕ್ಕೆ ತೋರಿಸಿದ.

ಡಿಸೆಂಬರ್ 9 ಎಂದಾಗ ನಮ್ಮ ದೇಶಕ್ಕೆ ಬೇರೊಂದು ನೆನಪಿದೆ. 1971ರ ಆ ರಾತ್ರಿ ಐಎನ್‌ಎಸ್ ಖುಕ್ರಿ ಅರಬ್ಬಿ ಸಮುದ್ರದಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿಯ ಟಾರ್ಪೆಡೋ ತಗುಲಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ನೀರುಪಾಲಾದರು. ನೀರಿನಡಿ ಕಿವಿಗೊಡುವ ನಮ್ಮ ಸೋನಾರ್ ಶತ್ರುವಿನ ಸದ್ದು ಹಿಡಿಯುವಷ್ಟು ಚುರುಕಾಗಿರಲಿಲ್ಲ. ಆ ಕಿವಿಯನ್ನು ಸರಿಪಡಿಸುವ ಕೆಲಸಕ್ಕೆ ಕೂತವರು ಆರೋಗ್ಯಸ್ವಾಮಿ ಪಾಲ್‌ರಾಜ್ ಎಂಬ ಯುವ ನೌಕಾ ಅಧಿಕಾರಿ. ಅವರು ಆಗ ದೆಹಲಿಯ ಐಐಟಿಯಲ್ಲಿ ಸಂಶೋಧನೆ ಮಾಡುತ್ತಿದ್ದರು. ಮೊದಲು ಹಳೇ ಬ್ರಿಟಿಷ್ ಸೋನಾರನ್ನೇ ತಿದ್ದಿದರು. ಆಮೇಲೆ ಕೊಚ್ಚಿಯ ನೌಕಾ ಪ್ರಯೋಗಶಾಲೆಯಲ್ಲಿ ತಂಡ ಕಟ್ಟಿ ‘ಅಪ್ಸೋ’ ಎಂಬ ಹೊಸ ಸೋನಾರನ್ನೇ ರೂಪಿಸಿದರು. ಅದರ ಯಂತ್ರಭಾಗ ತಯಾರಾದದ್ದು ನಮ್ಮ ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್‌ನಲ್ಲಿ. 1980ರ ದಶಕದ ಮೊದಲಲ್ಲಿ ಐಎನ್‌ಎಸ್ ಹಿಮಗಿರಿಯ ಹೊಟ್ಟೆಯೊಳಗೆ ಅದು ಕೂತಿತು. ಬೆಂಗಳೂರಿನಲ್ಲಿ ಕೃತಕ ಬುದ್ಧಿಮತ್ತೆ ಮತ್ತು ರೋಬೋಟಿಕ್ಸ್ ಕೇಂದ್ರ ಕಟ್ಟಿದವರೂ ಇವರೇ. ಮುಂದೆ ಸ್ಟ್ಯಾನ್‌ಫರ್ಡಿಗೆ ಹೋಗಿ, ಹಲವು ಆಂಟೆನಾಗಳಿಂದ ಒಂದೇ ಹೊತ್ತಿಗೆ ಹಲವು ಧಾರೆಯಾಗಿ ಮಾಹಿತಿ ಕಳಿಸುವ ವಿದ್ಯೆಯನ್ನು ಕಂಡುಹಿಡಿದರು. ಇವತ್ತಿನ ವೈಫೈ, 4ಜಿ ಎಲ್ಲ ನಿಂತಿರುವುದು ಅದರ ಮೇಲೆ. ಮಾವನ ಮಗನ ಮೊಬೈಲ್ ಅಂಗಡಿಯಲ್ಲಿ ರಿಪೇರಿಗೆ ಬಿದ್ದಿರುವ ಫೋನುಗಳಲ್ಲೆಲ್ಲ ಆ ಸೋನಾರಿನ ದೂರದ ನೆಂಟಸ್ತಿಕೆ ಇದೆ ಎಂದು ಹೇಳಿದಾಗ ಮಾವ ಕೈಯಲ್ಲಿದ್ದ ಫೋನನ್ನು ಒಮ್ಮೆ ತಿರುಗಿಸಿ ನೋಡಿದ.

ಈಗ ಅಮೆರಿಕದ ಹಡಗಿಗೆ ಕಂಪ್ಯೂಟರ್ ಬಂದ ಕಥೆಗೆ ಬರುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಹಡಗಿನ ಕತ್ತಲೆ ಕೋಣೆಯಲ್ಲಿ ಒಂದು ದೊಡ್ಡ ಗಾಜಿನ ಹಲಗೆ ಇರುತ್ತಿತ್ತು. ರಾಡಾರಿನವನು ಕೂಗಿ ಹೇಳಿದಂತೆ, ಗಾಜಿನ ಹಿಂದೆ ನಿಂತ ನಾವಿಕ ಮೇಣದ ಪೆನ್ಸಿಲಿನಿಂದ ವಿಮಾನಗಳ ಜಾಗ ಗುರುತು ಹಾಕುತ್ತಿದ್ದ. ಮುಂದೆ ಕೂತ ಅಧಿಕಾರಿಗೆ ನೆಟ್ಟಗೆ ಕಾಣಬೇಕೆಂದು ಅಕ್ಷರ, ಅಂಕಿಗಳನ್ನೆಲ್ಲ ಉಲ್ಟಾ ಬರೆಯುವುದನ್ನು ಕಲಿತಿರುತ್ತಿದ್ದ. ಜೆಟ್ ವಿಮಾನ ಬಂದ ಮೇಲೆ ಕೂಗುವಷ್ಟರಲ್ಲಿ, ಬರೆಯುವಷ್ಟರಲ್ಲಿ ಶತ್ರು ನೆತ್ತಿಯ ಮೇಲೆ ಬಂದಿರುತ್ತಿದ್ದ. ಹಾಗಾಗಿ 1950ರ ದಶಕದ ನಡುವಿನಲ್ಲಿ ಮೆಕ್‌ನ್ಯಾಲಿ, ಸ್ವೆಂಡ್ಸನ್ ಎಂಬ ಇಬ್ಬರು ನೌಕಾ ಅಧಿಕಾರಿಗಳು ಹಡಗಿನೊಳಗೇ ಕಂಪ್ಯೂಟರ್ ಇಡೋಣ, ಹಡಗು ಹಡಗುಗಳ ಕಂಪ್ಯೂಟರುಗಳು ರೇಡಿಯೋದಲ್ಲಿ ತಾವೇ ಮಾತಾಡಿಕೊಳ್ಳಲಿ ಎಂದರು. ಕಂಪ್ಯೂಟರ್ ಎಂದರೆ ಒಂದು ಮಹಡಿ ತುಂಬ ವಾಲ್ವುಗಳು ಉರಿಯುತ್ತಿದ್ದ ಕಾಲದಲ್ಲಿ ಆಡಿದ ಮಾತು. ಮಿನ್ನೆಸೋಟಾದ ಸೇಂಟ್ ಪಾಲ್‌ನಲ್ಲಿ ಯೂನಿವ್ಯಾಕ್ ಕಂಪನಿಯವರು ಟ್ರಾನ್ಸಿಸ್ಟರ್ ಬಳಸಿ ಅದನ್ನು ಮಾಡಿಕೊಟ್ಟರು. ಮೊದಲ ಮಾದರಿಯ ವಿನ್ಯಾಸ ಸೀಮೋರ್ ಕ್ರೇ ಅವರದು, ಮುಂದೆ ಸೂಪರ್ ಕಂಪ್ಯೂಟರಿನ ಹೆಸರೇ ಆಗಿ ಹೋದ ಕ್ರೇ. 1961-62ರಲ್ಲಿ ಒರಿಸ್ಕನಿ ಎಂಬ ವಿಮಾನವಾಹಕದಲ್ಲೂ ಕಿಂಗ್, ಮಹಾನ್ ಎಂಬ ಎರಡು ಹಡಗುಗಳಲ್ಲೂ ಅದರ ಪರೀಕ್ಷೆ ನಡೆಯಿತು.

ಒಂದು ಫ್ರಿಜ್ಜಿನಂಥ ಪೆಟ್ಟಿಗೆ. ಒಳಗೆ ನೆನಪಿಡುವ ಜಾಗ 32,768 ಪದ, ಒಂದೊಂದು ಪದಕ್ಕೆ 30 ಬಿಟ್. ಇವತ್ತು ಫೋನಿನಲ್ಲಿ ತೆಗೆದ ಒಂದೇ ಒಂದು ಫೋಟೋ ಅದರಲ್ಲಿ ಹಿಡಿಸುವುದಿಲ್ಲ. ಆ ನೆನಪು ಇದ್ದದ್ದು ಫೆರೈಟಿನ ಪುಟ್ಟ ಉಂಗುರಗಳಲ್ಲಿ. ಒಂದು ಬಿಟ್‌ಗೆ ಒಂದು ಉಂಗುರ. ಪ್ರತಿ ಉಂಗುರದ ಒಳಗಿನಿಂದ ಕೂದಲಿನಂಥ ತಂತಿ ಹಾಯಿಸಬೇಕು. ಆ ಕಾಲದ ಕಾರ್ಖಾನೆಗಳಲ್ಲಿ ಇದನ್ನು ಹೆಂಗಸರು ಕೈಯಿಂದ ಪೋಣಿಸುತ್ತಿದ್ದರು, ಮಣಿಸರ ಪೋಣಿಸಿದ ಹಾಗೆ. ಸುಮಾರು ಹತ್ತು ಲಕ್ಷ ಮಣಿ ಪೋಣಿಸಿದರೆ ಒಂದು ಹಡಗಿನ ಬುದ್ಧಿ.

ಇದನ್ನು ನೋಡಿಕೊಳ್ಳಲು ಹೊಸ ಕಸುಬು ಹುಟ್ಟಿತು: ‘ಡೇಟಾ ಸಿಸ್ಟಮ್ಸ್ ಟೆಕ್ನಿಷಿಯನ್’. ಕ್ಯಾಲಿಫೋರ್ನಿಯಾದ ಮೇರ್ ಐಲೆಂಡಿನಲ್ಲಿ ಇವರ ಶಾಲೆ. ನನ್ನ ಮನಸ್ಸಿನಲ್ಲಿ ಈ ಕಸುಬಿನವರಿಗೆ ವಿಶೇಷ ಜಾಗವಿದೆ. ಕಂಪ್ಯೂಟರಿನ ಮುಖದ ಮೇಲೆ ಸಾಲು ಸಾಲು ದೀಪದ ಗುಂಡಿಗಳು. ಒಂದೊಂದು ದೀಪವೂ ಒಂದು ಬಿಟ್. ಉರಿದರೆ ಒಂದು, ಆರಿದರೆ ಸೊನ್ನೆ. ಇವರು ಮೂರು ಮೂರು ದೀಪ ಗುಂಪು ಮಾಡಿ ಒಂದು ಅಂಕಿಯಾಗಿ ಓದುತ್ತಿದ್ದರು. 30 ದೀಪ ಎಂದರೆ ಹತ್ತು ಅಂಕಿ. ಬೆರಳಿನಿಂದ ಗುಂಡಿ ಒತ್ತಿ ಒಂದೊಂದೇ ಆದೇಶವನ್ನು ಒಳಗೆ ಕಳಿಸಿ, ಯಂತ್ರವನ್ನು ಒಂದೊಂದೇ ಹೆಜ್ಜೆ ನಡೆಸಿ, ಯಾವ ದೀಪ ಉರಿಯಬೇಕಾದಲ್ಲಿ ಉರಿಯಲಿಲ್ಲ ಎಂದು ನೋಡುವುದು. ಅದನ್ನು ಹಿಡಿದು ಹಿಂದಕ್ಕೆ ಹೋಗಿ, ಚಿತ್ರದ ಹಾಳೆ ಹರಡಿ, ಎಲ್ಲಿ ಯಾವ ಟ್ರಾನ್ಸಿಸ್ಟರ್ ಸತ್ತಿದೆ ಎಂದು ಹುಡುಕುವುದು. ಸಾಫ್ಟ್‌ವೇರಿನ ಆದೇಶದಿಂದ ಹಿಡಿದು ಬೆಸುಗೆಯ ಬಿಂದುವಿನವರೆಗೆ ಒಬ್ಬನೇ ಮನುಷ್ಯನ ತಲೆಯಲ್ಲಿ ಇಡೀ ದಾರಿ ಇತ್ತು. ಆ ದಾರಿ ಪೂರ್ತಿ ತಿಳಿದವರು ಇವತ್ತು ಬೆಂಗಳೂರಿನ ದೊಡ್ಡ ದೊಡ್ಡ ಆಫೀಸುಗಳಲ್ಲೂ ವಿರಳ.

ದೋಷ ಹುಡುಕುವ ಮಾತು ಬಂದಾಗ ಗ್ರೇಸ್ ಹಾಪರ್ ನೆನಪಾಗಲೇಬೇಕು. ನೌಕಾಪಡೆಯ ಮೀಸಲು ದಳಕ್ಕೆ ಸೇರಿದ ಗಣಿತದ ಮೇಡಂ, 1986ರಲ್ಲಿ ನಿವೃತ್ತರಾಗುವಾಗ ರಿಯರ್ ಅಡ್ಮಿರಲ್, ವಯಸ್ಸು 79. ಹಾರ್ವರ್ಡಿನಲ್ಲಿ ನೌಕಾಪಡೆಗೆಂದು ತಯಾರಾಗುತ್ತಿದ್ದ ಮಾರ್ಕ್ 2 ಕಂಪ್ಯೂಟರ್ 1947ರ ಸೆಪ್ಟೆಂಬರ್ 9ರಂದು ಕೆಟ್ಟಿತು. ಬಿಚ್ಚಿ ನೋಡಿದರೆ ಒಂದು ರಿಲೇಯೊಳಗೆ ಪತಂಗ ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ಲಾಗ್‌ಬುಕ್ಕಿನ ಹಾಳೆಗೆ ಟೇಪಿನಿಂದ ಅಂಟಿಸಿ, ಗಂಟೆ ಬರೆದಿಟ್ಟರು. ಆ ಪುಟ ಪತಂಗದ ಸಮೇತ ವಾಷಿಂಗ್ಟನ್ನಿನ ಮ್ಯೂಸಿಯಮ್ಮಿನಲ್ಲಿದೆ. ಆ ತಂಡದ ಕಥೆಯನ್ನು ಜೀವನಪೂರ್ತಿ ಹೇಳಿಕೊಂಡು ಬಂದವರು ಹಾಪರ್. ನನಗೆ ಪತಂಗಕ್ಕಿಂತ ದೊಡ್ಡದಾಗಿ ಕಾಣುವುದು ಅದನ್ನು ಬರೆದಿಟ್ಟ ಶಿಸ್ತು. ಮಾವನ ಹತ್ತಿರವೂ ಒಂದು ಉದ್ದನೆಯ ಲೆಕ್ಕದ ಪುಸ್ತಕವಿತ್ತು. ಗಿರಾಕಿಯ ಹೆಸರು, ಸೆಟ್ಟಿನ ಹೆಸರು, ರೋಗ, ಮದ್ದು. ‘ಡ್ರೈ ಸೋಲ್ಡರ್’, ಎಂದರೆ ಸರಿಯಾಗಿ ಕೂಡದ ಬೆಸುಗೆ, ಎಂಬ ಪದ ಪುಟಕ್ಕೆ ನಾಲ್ಕು ಸಲ. ಅಂದಹಾಗೆ, ಹಾಪರ್ ಹುಟ್ಟಿದ್ದೂ ಅದೇ ಡಿಸೆಂಬರ್ 9ರಂದು, 1906ರಲ್ಲಿ.

1970, 80ರ ದಶಕಗಳಲ್ಲಿ ಯಂತ್ರಗಳು ಚಿಕ್ಕವಾದವು, ಗಟ್ಟಿಯೂ ಆದವು. ಹೊಸ ಯಂತ್ರಗಳು ತಮ್ಮ ರೋಗವನ್ನು ತಾವೇ ಹೇಳತೊಡಗಿದವು: ಇಂಥ ಕಾರ್ಡು ಕೆಟ್ಟಿದೆ. ಕಾರ್ಡು ಎಳೆ, ಹೊಸದು ತೂರಿಸು. ಇದರಿಂದ ಲಾಭವಾಯಿತು, ನಿಜ. ಯುದ್ಧದ ನಡುವೆ ಕೂತು ಟ್ರಾನ್ಸಿಸ್ಟರ್ ಹುಡುಕಲು ಆಗುವುದಿಲ್ಲ. 1994ರಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ವಿಲಿಯಂ ಪೆರಿ ಅವರು, ಮಿಲಿಟರಿಗೆಂದೇ ಬೇರೆ ಮಾಡಿಸಬೇಡಿ, ಆದಷ್ಟೂ ಮಾರುಕಟ್ಟೆಯಲ್ಲಿ ಸಿಗುವುದನ್ನೇ ತನ್ನಿ ಎಂದು ಆದೇಶಿಸಿದರು. ಆ ದಶಕದ ಕೊನೆಗೆ ಡೇಟಾ ಸಿಸ್ಟಮ್ಸ್ ಟೆಕ್ನಿಷಿಯನ್ ಎಂಬ ಕಸುಬನ್ನೇ ತೆಗೆದು ಉಳಿದವುಗಳಲ್ಲಿ ಕರಗಿಸಿದರು. ಹಳೇ ರೇಡಿಯೋದವರನ್ನೂ ಡೇಟಾ ಪ್ರೊಸೆಸಿಂಗಿನವರನ್ನೂ ಕೂಡಿಸಿ, 1999ರಲ್ಲಿ ‘ಇನ್ಫರ್ಮೇಷನ್ ಸಿಸ್ಟಮ್ಸ್ ಟೆಕ್ನಿಷಿಯನ್’ ಎಂದರು. ತೋಳಿನ ಮೇಲಿನ ಮಿಂಚಿನ ಗೆರೆ ಮಾತ್ರ ಉಳಿಸಿಕೊಂಡರು.

ಅದೇ ಹೊತ್ತಿನಲ್ಲಿ ಯಾರ್ಕ್‌ಟೌನ್ ಎಂಬ ಹಡಗಿಗೆ ಮಾರುಕಟ್ಟೆಯ ಕಂಪ್ಯೂಟರುಗಳನ್ನು ಕೂರಿಸಿ ಕೆಲಸಗಾರರನ್ನು ಕಡಿಮೆ ಮಾಡಿ ನೋಡುತ್ತಿದ್ದರು. 1997ರ ಸೆಪ್ಟೆಂಬರಿನಲ್ಲಿ ಯಾರೋ ಒಬ್ಬರು ಒಂದು ಕೋಷ್ಟಕದಲ್ಲಿ ಸೊನ್ನೆ ಹಾಕಿದರು. ಕಂಪ್ಯೂಟರು ಆ ಸೊನ್ನೆಯಿಂದ ಭಾಗಿಸಲು ಹೋಯಿತು. ಜಾಲವೇ ಕುಸಿದು ಎಂಜಿನ್ನಿನ ಹಿಡಿತ ತಪ್ಪಿತು. ಹಡಗು ಸುಮಾರು ಎರಡೂ ಮುಕ್ಕಾಲು ಗಂಟೆ ನಡುನೀರಿನಲ್ಲಿ ನಿಂತಿತು.

ಸೊನ್ನೆಯಿಂದ ಭಾಗಿಸುವ ಪ್ರಶ್ನೆ ನಮ್ಮ ನೆಲಕ್ಕೆ ಹೊಸದಲ್ಲ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಇದನ್ನು ಕೈಗೆತ್ತಿಕೊಂಡರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಎಂದರು. ಮೂರು ಶತಮಾನದ ಮೇಲೆ ಭಾಸ್ಕರಾಚಾರ್ಯರು ಅದು ಅನಂತ ಎಂದರು. ಇವತ್ತಿನ ಗಣಿತ ಎರಡನ್ನೂ ಒಪ್ಪದೆ, ಅದಕ್ಕೆ ಅರ್ಥವೇ ಇಲ್ಲ ಎನ್ನುತ್ತದೆ. ಪ್ರಶ್ನೆ ಎದುರಾದಾಗ ಏನು ಮಾಡಬೇಕೆಂದು ಮೊದಲೇ ಯೋಚಿಸಿದವರು ನೃಪತುಂಗನ ಕಾಲದಲ್ಲೇ ಇದ್ದರು. ಯಾರ್ಕ್‌ಟೌನಿನ ಆ ಪ್ರೋಗ್ರಾಮಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಕಥೆ ಕೇಳಿ ಮಾವ, “ಹಡಗು ನಿಂತಾಗ ಬಿಚ್ಚಿ ನೋಡೋರು ಯಾರೂ ಇರ್‍ಲಿಲ್ವಾ?” ಎಂದ.

“ಬಿಚ್ಚಿದ್ರೆ ಏನು ಸಿಗುತ್ತೆ ಮಾವ? ಸೊನ್ನೆ ಕಣ್ಣಿಗೆ ಕಾಣಲ್ಲ.”

“ಕಾಣಲ್ಲ, ಸರಿ. ಎಲ್ಲಿ ಹುಡುಕ್ಬೇಕು ಅಂತಾದ್ರೂ ಗೊತ್ತಿರ್ಬೇಕಲ್ಲ.”

ಇದನ್ನೇ ನಾನು ಇಷ್ಟು ಪುಟ ತಿರುಗಿಸಿ ಹೇಳಲು ಹೊರಟದ್ದು. ಊರಿನಲ್ಲಿ ಯಂತ್ರ ಕೆಟ್ಟರೆ ಕಂಪನಿಗೆ ಫೋನ್ ಮಾಡಬಹುದು. ಹೋದ ವರ್ಷ ನಮ್ಮ ಮನೆಯ ಟಿವಿ ಕೆಟ್ಟಾಗ ಬಂದ ಹುಡುಗ ಹಿಂದಿನ ಮುಚ್ಚಳ ತೆಗೆಯದೆಯೇ ಬೋರ್ಡು ಬದಲಾಯಿಸಬೇಕು ಎಂದ. ಹುಡುಗನ ತಪ್ಪಲ್ಲ, ಅವನಿಗೆ ಕಲಿಸಿದ್ದೇ ಅಷ್ಟು. ನಡುಸಮುದ್ರದಲ್ಲಿ ಆ ಬೋರ್ಡೂ ಇರುವುದಿಲ್ಲ, ತರುವ ಹುಡುಗನೂ ಇರುವುದಿಲ್ಲ. ಅಲ್ಲಿ ಬುಡದವರೆಗೆ ಬಲ್ಲ ಒಬ್ಬ ಮನುಷ್ಯ ಇರಲೇಬೇಕು. ನೌಕಾಪಡೆಗೂ ಇದು ಗೊತ್ತಿದೆ. ಉಪಗ್ರಹ ಇದೆಯಲ್ಲ ಎಂದು ಹತ್ತಿರ ಹತ್ತಿರ ಹತ್ತು ವರ್ಷ ಕೈಬಿಟ್ಟಿದ್ದ ನಕ್ಷತ್ರ ನೋಡಿ ದಾರಿ ಹಿಡಿಯುವ ಪಾಠವನ್ನು ಅನ್ನಾಪೊಲಿಸ್ಸಿನ ನೌಕಾ ಅಕಾಡೆಮಿ 2015ರಲ್ಲಿ ಮತ್ತೆ ತಂದಿತು.

ಹೆಸರಿನ ಮೇಲೂ ಜನರಿಗೆ ಎಷ್ಟು ಜೀವ ನೋಡಿ. 2016ರ ಸೆಪ್ಟೆಂಬರಿನಲ್ಲಿ ನೌಕಾಪಡೆ ಕಸುಬಿನ ಹೆಸರುಗಳನ್ನೇ ರದ್ದು ಮಾಡಿ, ಎಲ್ಲರನ್ನೂ ಬರೀ ದರ್ಜೆಯಿಂದ ಕರೆಯಿರಿ ಎಂದಿತು. ನಾವಿಕರು ಸಿಟ್ಟಾದರು. ನಿವೃತ್ತರೂ ಸಿಟ್ಟಾದರು. ಲಕ್ಷದ ಮೇಲೆ ಸಹಿ ಬಿತ್ತು. ಮೂರೇ ತಿಂಗಳಲ್ಲಿ, ಡಿಸೆಂಬರಿನಲ್ಲಿ, ಹೆಸರುಗಳನ್ನು ವಾಪಸ್ಸು ಕೊಟ್ಟರು. ಮಾವನನ್ನು ಕೇರಿಯವರು ಇವತ್ತಿಗೂ ‘ರೇಡಿಯೋ ಮಾಮ’ ಎಂದೇ ಕರೆಯುತ್ತಾರೆ. ಅದನ್ನು ಯಾರಾದರೂ ರದ್ದು ಮಾಡಿ ‘ಹಿರಿಯ ನಾಗರಿಕ’ ಎಂದರೆ ಅವನಿಗೆ ಹೇಗಾಗಬಹುದು ಎಂದು ಊಹಿಸಿದಾಗ ಆ ನಾವಿಕರ ಸಂಕಟ ನನಗೆ ಸರಿಯಾಗಿ ಅರ್ಥವಾಯಿತು. ಅದಾದ ಮೇಲೂ ಹೊಸ ಹೆಸರುಗಳು ಬರುತ್ತಲೇ ಇವೆ. 2023ರಲ್ಲಿ ‘ಸೈಬರ್ ವಾರ್‌ಫೇರ್ ಟೆಕ್ನಿಷಿಯನ್’, 2024ರಲ್ಲಿ ‘ರೋಬೋಟಿಕ್ಸ್ ವಾರ್‌ಫೇರ್ ಸ್ಪೆಷಲಿಸ್ಟ್’. ಬರಲಿ.

ಕೊನೆಗೆ ಮಾವನಿಗೆ ಇನ್ನೊಂದು ವಿಷಯ ಹೇಳಿದೆ. ಕಾರ್ಡು ಬದಲಾಯಿಸುವ ಈ ಕಾಲದಲ್ಲೂ ಆ ಹಡಗುಗಳಲ್ಲಿ ಒಂದು ಸಣ್ಣ ಬೆಂಚು ಉಳಿದುಕೊಂಡಿದೆ. ಕಾರ್ಡನ್ನೇ ರಿಪೇರಿ ಮಾಡುವ ಬೆಂಚು. ಅದಕ್ಕೆ ಬೇರೆ ತರಬೇತಿ ಇದೆ. ಎರಡು ಕಣ್ಣಿನ ಮೈಕ್ರೋಸ್ಕೋಪಿನ ಕೆಳಗೆ ಕಾರ್ಡು ಇಟ್ಟು, ಸಾಸಿವೆಗಿಂತ ಸಣ್ಣ ಭಾಗ ಕಿತ್ತು, ಎದ್ದುಹೋದ ತಾಮ್ರದ ಗೆರೆಯನ್ನು ಮತ್ತೆ ಕೂರಿಸಿ ಬೆಸುಗೆ ಹಾಕುತ್ತಾರೆ. ಮಾವ ಗೋಡೆಗೆ ಒರಗಿದ್ದವನು ನೆಟ್ಟಗೆ ಕೂತ.

“ಐರನ್ ತುದೀನ ಏನಕ್ಕೆ ಒರೆಸ್ತಾರೆ? ಒದ್ದೆ ಬಟ್ಟೆಗೇನಾ?”

“ಒದ್ದೆ ಸ್ಪಂಜು ಇಟ್ಟಿರ್ತಾರೆ ಮಾವ.”

“ಸ್ಪಂಜು ಒಳ್ಳೇದು,” ಎಂದ. “ಬಟ್ಟೆಯಾದ್ರೆ ದಿನಾ ಬದಲಾಯಿಸ್ಬೇಕು.”

ಒಳಗಿನಿಂದ ಅತ್ತೆ ಕಾಫಿಗೆ ಕರೆದರು.